ಭಟ್ಟಿಯ ಹೊಗೆ ನಿಂತ ಮೇಲೆ

ಬುಡೇನನಿಗೆ ಹತ್ತೊಂಬತ್ತು ವರ್ಷದಿಂದ ನಿಶ್ಶಬ್ದ ಎಂಬುದು ಇರಲಿಲ್ಲ.

ಅನ್ನವಿತ್ತು, ಕೆಲಸವಿತ್ತು, ತಾಯಿ ಹುಸೇನಬಿ ಇದ್ದಳು, ತಂಗಿ ಪ್ಯಾರಿಜಾನ್ ಇದ್ದಳು. ಆದರೆ ತಲೆಯೊಳಗೆ ಮೂವರು ಬಿಡಾರ ಹೂಡಿದ್ದರು. ಒಬ್ಬ ಗಂಡಸು ಸದಾ ಎಣಿಸುತ್ತಿದ್ದ. ಒಬ್ಬಳು ಹೆಂಗಸು, ಬುಡೇನ್ ಏನು ಮಾಡಿದರೂ ನಗುತ್ತಿದ್ದಳು. ಮೂರನೆಯದು ಗಂಡೋ ಹೆಣ್ಣೋ ತಿಳಿಯದ ದನಿ. ಅದು ಭಟ್ಟಿಯ ಮರಳಿನ ಅಡಿಯಿಂದ ಅವನ ಹೆಸರು ಹಿಡಿದು ಕರೆಯುತ್ತಿತ್ತು.

ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವನು ಮರಳು ಬಿಟ್ಟು ಎಲ್ಲಿಗೆ ಹೋಗಬೇಕು? ಕಾದ ಮರಳಿಗೆ ಅಕ್ಕಿ ಸುರಿದು, ಹನ್ನೊಂದು ಎಣಿಸುವಷ್ಟರಲ್ಲಿ ಅರಳಿದ ಮಂಡಕ್ಕಿಯನ್ನು ಜರಡಿಗೆ ಎತ್ತಬೇಕು. ಹನ್ನೆರಡಾದರೆ ಸೀಯುತ್ತದೆ. ಬುಡೇನ್ ತಾನಾಗಿ ಎಂದೂ ಎಣಿಸಿದವನಲ್ಲ. ಎಣಿಸುವವನು ಒಳಗೇ ಇದ್ದ. ಅವನ ಕೈಯ ಮಂಡಕ್ಕಿ ಸೀದದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಹುಚ್ಚನೆಂದು ಬೈಯುತ್ತಲೇ ಮಾಲೀಕ ಅವನನ್ನು ಇಟ್ಟುಕೊಂಡಿದ್ದ.

ಮೊದಲ ಹತ್ತು ವರ್ಷ ಹಳೆಯ ಕಾಲದ ಸೂಜಿಮದ್ದು ಕೊಡಿಸಿದರು. ಮೆದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುತ್ತದೆ. ಸುದ್ದಿ ಮಿತಿಮೀರಿದಾಗ ಮೆದುಳು ತನ್ನದೇ ಮಾತನ್ನು ಪರರ ಮಾತೆಂದು ಕೇಳಿಸಿಕೊಳ್ಳುತ್ತದೆ ಎನ್ನುತ್ತಾರೆ. ಹಳೆಯ ಔಷಧಿ ಡೋಪಮಿನ್ ಒಳಹೋಗುವ ಬಾಗಿಲುಗಳಿಗೆಲ್ಲ ಬೀಗ ಜಡಿಯುತ್ತಿತ್ತು. ದನಿಗಳು ಒಂದಿಷ್ಟು ತಗ್ಗಿದವು. ಆದರೆ ಬುಡೇನನ ಕೈಕಾಲು ಮರಗಟ್ಟಿದವು, ದವಡೆ ಸೊಟ್ಟಾಯಿತು, ಕುಳಿತಲ್ಲಿ ಕೂರಲಾಗದೆ ದಿನವಿಡೀ ಓಣಿ ಅಳೆಯುವಂತಾಯಿತು. ಆಮೇಲೆ ಬಂದ ಹೊಸ ಬಗೆಯ ಔಷಧಿಗಳು ಬೀಗ ಹಾಕುವುದಿಲ್ಲ. ಬಾಗಿಲಿಗೆ ಒರಗಿ ನಿಲ್ಲುತ್ತವೆ, ಬೇಕಾದಾಗ ಸರಿಯುತ್ತವೆ. ಸೆರೊಟೊನಿನ್ ಎಂಬ ಇನ್ನೊಂದರ ಬಾಗಿಲನ್ನೂ ಜೊತೆಗೆ ಹಿಡಿಯುತ್ತವೆ. ಮೈ ಮರಗಟ್ಟುವುದು ಕಡಿಮೆ. ಅವುಗಳಲ್ಲಿ ಕ್ಲೋಜಪಿನ್ ಎಂಬುದು ಬುಡೇನನಂತೆ ಬೇರೆ ಯಾವುದೂ ನಾಟದವರಿಗೆ ಕೊಡುವ ಔಷಧಿ. ಅದನ್ನು ಕೊಡುವ ಡಾಕ್ಟರು ರೋಗಿಯ ಬಿಳಿ ರಕ್ತಕಣ ಎಣಿಸುತ್ತಲೇ ಇರಬೇಕು. ನಿದ್ದೆ ಹೆಚ್ಚುತ್ತದೆ, ಜೊಲ್ಲು ಸುರಿಯುತ್ತದೆ, ಕರುಳು ಮಂದವಾಗುತ್ತದೆ, ಕಟ್ಟಿಕೊಂಡರೆ ಪ್ರಾಣಕ್ಕೂ ಅಪಾಯ. ಈ ಕೊನೆಯದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ.

ಎರಡು ಸಾವಿರದ ನಲವತ್ತರ ಹೊತ್ತಿಗೆ ಈ ಔಷಧಿಯನ್ನು ಮಾತ್ರೆಯಾಗಿ ನುಂಗುವುದು ತಪ್ಪಿತ್ತು. ಹೊಟ್ಟೆಯ ಚರ್ಮದಡಿ ಬೆಂಕಿಪೊಟ್ಟಣದಷ್ಟು ಒಂದು ಚೀಲ. ಅದರಲ್ಲಿ ಗಟ್ಟಿಗೊಳಿಸಿದ ಔಷಧಿ. ಕಿವಿಯ ಹಿಂದೆ ಚರ್ಮದಡಿ ಒಂದು ಯಂತ್ರ, ಅಕ್ಕಿಕಾಳಿನಷ್ಟು. ಜನ ಅದನ್ನು ಕಾಳು ಎಂದೇ ಕರೆದರು. ಕಿವಿಗೆ ಏನೂ ಬೀಳದಿರುವಾಗ ಮೆದುಳಿನ ಕೇಳುವ ಭಾಗ ಎದ್ದು ಕೂತರೆ, ಕಾಳು ಅದನ್ನು ದನಿ ಎಂದು ಗುರುತಿಸಿ ಚೀಲಕ್ಕೆ ಹೇಳುತ್ತದೆ. ಚೀಲ ಹನಿ ಹೆಚ್ಚಿಸುತ್ತದೆ. ದನಿ ನಿಂತರೆ ಹನಿ ಏರುವುದು ನಿಂತು ಅಷ್ಟರಲ್ಲೇ ಉಳಿಯುತ್ತದೆ. ಇಳಿಸುವ ನಿಯಮ ಮಾತ್ರ ಅದರಲ್ಲಿ ಇರಲಿಲ್ಲ. ಇಳಿಸಿದಾಗಲೆಲ್ಲ ರೋಗ ಮರುಕಳಿಸಿದ್ದರಿಂದ, ಇಳಿಸಲು ಡಾಕ್ಟರೇ ಬರೆದುಕೊಡಬೇಕು ಎಂದು ಮಾಡಿದ್ದರು. ಕಾಳೇ ಎಲ್ಲ ಕೇಳಿಸಿಕೊಳ್ಳುತ್ತದಲ್ಲ ಎಂದು, ರಕ್ತದಲ್ಲಿ ಔಷಧಿ ಎಷ್ಟಿದೆ ಎಂದು ನೋಡುವ ಪರೀಕ್ಷೆಯನ್ನೂ ಕೈಬಿಟ್ಟಿದ್ದರು.

ಊರಿನ ಮುಚ್ಚಿದ ಹತ್ತಿ ಗಿರಣಿಯೊಂದರಲ್ಲಿ ನಿಗಾ ಕೇಂದ್ರವಿತ್ತು. ಪ್ಯಾರಿಜಾನ್ ಅಲ್ಲಿ ತಂತ್ರಜ್ಞೆ. ಊರಿನಲ್ಲಿ ಕಾಳು ಹಾಕಿಸಿಕೊಂಡ ಮುನ್ನೂರ ಹತ್ತು ಜನರಿಗೆ ಪರದೆಯ ಮೇಲೆ ಮುನ್ನೂರ ಹತ್ತು ಚುಕ್ಕೆ. ದನಿ ಕೇಳುತ್ತಿದ್ದರೆ ಕೆಂಪು, ಒಂದು ತಾಸು ಕೇಳದಿದ್ದರೆ ಹಸಿರು. ಚುಕ್ಕೆ ಮುಟ್ಟಿದರೆ ಆ ದನಿಗಳು ಮೊನೆಮೊನೆಯ ಗೆರೆಯಾಗಿ ಕಾಣುತ್ತವೆ. ಮಾತು ಕಾಣುವುದಿಲ್ಲ, ಮೊನೆ ಮಾತ್ರ. ಆದರೂ ಪ್ಯಾರಿಜಾನ್ ಅಣ್ಣನ ಗೆರೆಯನ್ನು ಓದಬಲ್ಲವಳಾಗಿದ್ದಳು. ಸಮನಾದ ಹನ್ನೊಂದು ಮೊನೆ, ಒಂದು ತೆರಪು, ಮತ್ತೆ ಹನ್ನೊಂದು: ಅದು ಎಣಿಸುವವನು. ಚಿಕ್ಕ ಚಿಕ್ಕ ಗುಂಪಾಗಿ ಬರುವುದು ನಗುವವಳು. ಅಪರೂಪಕ್ಕೊಮ್ಮೆ ಏಳುವ ಒಂಟಿ ಎತ್ತರದ ಮೊನೆ ಮರಳಿನಡಿಯದು. ಹತ್ತೊಂಬತ್ತು ವರ್ಷ ಮನೆಯಲ್ಲಿದ್ದೂ ಮುಖ ತೋರಿಸದವರನ್ನು ಅವಳು ಪರದೆಯ ಮೇಲೆ ನೋಡುತ್ತಿದ್ದಳು. ಮನೆಗೆ ಹೋದರೆ ಅಣ್ಣನ ಪಕ್ಕದ ಖಾಲಿ ಜಾಗದಲ್ಲಿ ಕೂರಲು ಅವಳಿಗೆ ಒಂಥರಾ ಆಗುತ್ತಿತ್ತು.

ಭಟ್ಟಿ ಓಣಿಗಳಲ್ಲಿ ಬುಡೇನನೂ ಸೇರಿ ಇಪ್ಪತ್ತಾರು ಜನರಿಗೆ ಕಾಳು ಹಾಕಿದ್ದರು. ಅವರೆಲ್ಲರ ಅರ್ಜಿ ತುಂಬಿದವಳು ಪ್ಯಾರಿಜಾನ್. ಹೊರಗಿನವರು ಬಂದು ಕೇಳಿದರೆ ಅಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಅರ್ಜಿಯ ಹದಿನಾಲ್ಕನೆಯ ಪ್ರಶ್ನೆ: ಬೀಡಿ ಅಥವಾ ಸಿಗರೇಟು ಸೇದುತ್ತಾರೆಯೇ?

ಅದನ್ನು ಕೇಳಿದಾಗ ಚೌಡಮ್ಮ ಎಂಬ ವಿಧವೆ ಕೆನ್ನೆಗೆ ಬೆರಳಿಟ್ಟುಕೊಂಡಿದ್ದಳು. "ಏನ್ ಪ್ಯಾರಿ, ನಾನು ಬೀಡಿ ಸೇದೋದನ್ನ ಯಾವಾಗ ನೋಡಿದ್ಯೇ? ಭಟ್ಟ್ಯಾಗೆ ಹುಟ್ಟಿದೋಳು ನೀನು, ಹಿಂಗ್ ಕೇಳ್ತೀಯಲ್ಲ."

ಭಟ್ಟಿಯವರಿಗೆ ಅದೊಂದು ಮರ್ಯಾದೆಯ ಮಾತು. ಶೆಡ್ಡಿನ ತುಂಬ ಉರುವಲಿಗೆಂದು ಒಟ್ಟಿದ ಭತ್ತದ ಹೊಟ್ಟಿನ ರಾಶಿ. ಒಂದು ಕಿಡಿ ಬಿದ್ದರೆ ಓಣಿಗೆ ಓಣಿಯೇ ಹೋಗುತ್ತದೆ. ಬೀಡಿ ಸೇದುವವನಿಗೆ ಅಲ್ಲಿ ಕೆಲಸವೂ ಇಲ್ಲ, ಹೆಣ್ಣೂ ಇಲ್ಲ. ಪ್ಯಾರಿಜಾನ್ ಇಪ್ಪತ್ತಾರು ಅರ್ಜಿಗೂ ಇಲ್ಲ ಎಂದು ಗುರುತು ಹಾಕಿದಳು. ಹೆಮ್ಮೆಯಿಂದಲೇ ಹಾಕಿದಳು. ಆಗ ಕಿಟಕಿಯ ಹೊರಗೆ, ಹೊಟ್ಟಿನ ಜೊತೆ ಭಟ್ಟಿಗೆ ಹಾಕಿದ ಹಳೆಯ ಟೈರು ಉರಿದು ಕಪ್ಪು ಹೊಗೆ ಏಳುತ್ತಿತ್ತು. ಅದು ಯಾವಾಗಲೂ ಏಳುತ್ತಿತ್ತು, ಹೊಟ್ಟು ಒದ್ದೆಯಾದಾಗ ಇನ್ನೂ ದಟ್ಟವಾಗಿ. ಓಣಿಯ ಗೋಡೆ ಕಪ್ಪು, ನಾಯಿ ಕಪ್ಪು, ಉಗುಳಿದರೆ ಉಗುಳೂ ಕಪ್ಪು. ಬಿಳಿ ಬಟ್ಟೆಯನ್ನು ಯಾರೂ ಹೊರಗೆ ಒಣಗಿಸುತ್ತಿರಲಿಲ್ಲ. ಅಲ್ಲಿ ಹುಟ್ಟಿದವರು ಅದನ್ನು ಹೊಗೆ ಎಂದು ಎಣಿಸಿದವರೇ ಅಲ್ಲ.

ಕಾಳು ಹಾಕಿದ ಮೇಲೆ ಈ ಇಪ್ಪತ್ತಾರು ಜನಕ್ಕೆ ಉಳಿದವರಿಗಿಂತ ಎರಡು ಪಟ್ಟು ಔಷಧಿ ಬೇಕಾಯಿತು. ಚೀಲ ಹನಿ ಏರಿಸುತ್ತ ಏರಿಸುತ್ತ ಹೋಯಿತು. ದನಿ ತಗ್ಗಿದವು, ಪೂರ್ತಿ ಹೋಗಲಿಲ್ಲ. ಕೇಂದ್ರದ ಮುಖ್ಯಸ್ಥ ಡಾಕ್ಟರ್ ಸಾವಳಗಿ, ವಿಜಯಪುರದ ಕಡೆಯ ನಗುಮುಖದ ಮನುಷ್ಯ, "ಹುಟ್ಟಾ ಲಿವರ್ ಚುರುಕ್ ಇರ್ತಾವ್ರೀ ಕೆಲವರವು" ಎಂದು ಅಷ್ಟಕ್ಕೇ ಬಿಟ್ಟರು.

ಮುಂದಿನ ಮಾರ್ಚಿನ ಮೊದಲ ಸೋಮವಾರ ಭಟ್ಟಿಗಳೆಲ್ಲ ಒಟ್ಟಿಗೆ ಕರೆಂಟಿಗೆ ಬದಲಾದವು.

ಅಂದು ಓಣಿಯಲ್ಲಿ ಪಾಯಸ ಹಂಚಿದರು. ಮೂರನೆಯ ದಿನಕ್ಕೆ ಆಕಾಶ ಕಂಡಿತು. ಹುಸೇನಬಿ ಟ್ರಂಕಿನಲ್ಲಿದ್ದ ಬಿಳಿ ದುಪ್ಪಟಿ ತೆಗೆದು, ಒಗೆಯುವ ಅಗತ್ಯವಿಲ್ಲದಿದ್ದರೂ ಒಗೆದು, ಮಾಳಿಗೆಯ ಮೇಲೆ ಹರವಿದಳು. ಸಂಜೆ ಅದು ಬಿಳಿಯಾಗಿಯೇ ಕೆಳಗಿಳಿಯಿತು. ಅಕ್ಕಪಕ್ಕದವರು ಬಂದು ಮುಟ್ಟಿ ನೋಡಿದರು.

ಆ ವಾರದ ಕೊನೆಗೆ ಪರದೆಯ ಮೇಲೆ ಬುಡೇನನ ಗೆರೆ ತೆಳುವಾಯಿತು. ಮೊದಲು ನಗುವವಳು ಹೋದಳು. ಆಮೇಲೆ ಮರಳಿನಡಿಯದು. ಎಣಿಸುವವನು ಎರಡು ದಿನ ತಡೆದ. ಹನ್ನೊಂದು ಇದ್ದದ್ದು ಎಂಟಾಯಿತು, ಐದಾಯಿತು. ಹತ್ತನೆಯ ದಿನ ಬೆಳಿಗ್ಗೆ ಗೆರೆ ನೆಲಕ್ಕೆ ಮಲಗಿತ್ತು. ಚುಕ್ಕೆ ಹಸಿರಾಗಿತ್ತು, ಹಸಿರಾಗಿಯೇ ಉಳಿಯಿತು.

"ನಿಮ್ಮಣ್ಣ ಅಂತೂ ಪಾಸಾದ ನೋಡಿ," ಎಂದ ಪಕ್ಕದ ಮೇಜಿನ ತಿಪ್ಪೇಶ. ಅವನೂ ತಂತ್ರಜ್ಞ. "ಪಾರ್ಟಿ ಯಾವಾಗ?"

"ನೀನು ಟಿಫನ್ ತಂದ್ಕೊಟ್ಟ ದಿನ."

ಸಾವಳಗಿ ಬಂದು ಪರದೆ ನೋಡಿ ಎರಡು ಸಲ ಕಣ್ಣು ಉಜ್ಜಿಕೊಂಡರು. ಭಟ್ಟಿ ಓಣಿಯ ಚುಕ್ಕೆಗಳು ಒಂದೊಂದಾಗಿ ಹಸಿರಾಗುತ್ತಿದ್ದವು. "ಕಾಳು ಕಲೀತೈತ್ರೀ," ಎಂದರು. "ನಾ ಹೇಳಿರಲಿಲ್ಲೇನು? ತಡಾ ಆಗ್ತದ, ಆದರ ಕಲೀತೈತಿ. ಹೈದರಾಬಾದ್ ಸಮ್ಮೇಳನದಾಗ ಇದನ್ನ ಓದತೇನಿ."

ಮನೆಯಲ್ಲಿ ಬುಡೇನ್ ನಿದ್ದೆ ಮಾಡುತ್ತಿದ್ದ. ದಿನಕ್ಕೆ ಹದಿನಾರು ತಾಸು. ದಿಂಬು ಜೊಲ್ಲಿನಿಂದ ನೆನೆದು, ಹುಸೇನಬಿ ಮೂರು ದಿಂಬು ಬದಲಿಸಿ ಬಿಸಿಲಿಗೆ ಇಡುತ್ತಿದ್ದಳು. "ಹತ್ತೊಂಬತ್ತು ವರ್ಷದ ನಿದ್ದೆ ಬಾಕಿ ಐತೆ, ಮಲಿಕ್ಕಳ್ಳಿ ಬಿಡು," ಎಂದಳು. ಭಟ್ಟಿಗೆ ಹೋಗಲಿಲ್ಲವೇ ಎಂದು ಪ್ಯಾರಿಜಾನ್ ಕೇಳಿದ್ದಕ್ಕೆ, "ಹೋಗಿದ್ದ. ಎರಡು ಘಾಣ ಮಂಡಕ್ಕಿ ಸೀಯಿಸಿ ಬಂದ. ಎಣಿಕೆ ತಪ್ತಂತೆ," ಎಂದಳು.

ಹೊಗೆ ನಿಂತ ಮೇಲಿನ ಎರಡನೆಯ ಶನಿವಾರ ಚೌಡಮ್ಮ ಸತ್ತಳು. ಎದೆ ನಿಂತಿತು ಎಂದರು. ಭಾನುವಾರ, ಬುಧವಾರ ಇನ್ನಿಬ್ಬರು ಹೋದರು. ಒಬ್ಬನಿಗೆ ನ್ಯುಮೋನಿಯಾ ಎಂದರು. ಇನ್ನೊಬ್ಬನಿಗೆ ವಯಸ್ಸಾಗಿತ್ತು ಎಂದರು. ಬುಧವಾರ ಸಂಜೆಯೇ ಸಾವಳಗಿ ಹೈದರಾಬಾದಿನ ರೈಲು ಹತ್ತಿದರು.

ಗುರುವಾರ ಬೆಳಿಗ್ಗೆ ಪ್ಯಾರಿಜಾನ್ ಕೆಲಸಕ್ಕೆ ಹೋಗುವ ದಾರಿಯಲ್ಲಿ ಚೌಡಮ್ಮನ ಮನೆಯವರನ್ನು ಮಾತನಾಡಿಸಲು ಹೋದಳು. ಸೊಸೆ ಬಾಗಿಲಲ್ಲಿ ದಿಂಬು ಒಣಗಿಸಲು ಇಟ್ಟಿದ್ದಳು. ದಿಂಬಿನ ಮೇಲೆ ಹಳದಿ ಕಲೆ, ಅಂಚು ಅಂಚಾಗಿ. ಅಂಥವೇ ಮೂರು ಪ್ಯಾರಿಜಾನಳ ಮಾಳಿಗೆಯ ಮೇಲಿದ್ದವು.

"ಚೆನ್ನಾಗೇ ಇದ್ಲು ನಮ್ಮತ್ತೆ," ಎಂದಳು ಸೊಸೆ. "ಮಾತಿಲ್ಲ, ಜಗಳಿಲ್ಲ. ಮಲಗಿದ್ಲು ಅಷ್ಟೆ. ಹೊಟ್ಟೆ ಮಾತ್ರ ಕಲ್ಲಾಗಿತ್ತು. ಎಂಟು ದಿನ ಆಗಿತ್ತು ಹೊರಕಡೆ ಹೋಗಿ."

"ಯಾರಿಗಾದ್ರೂ ಹೇಳಿದ್ರಾ?"

"ಅದನ್ನ ಯಾರಿಗೆ ಹೇಳೋದು ಪ್ಯಾರಿ? ಹೆಣ್ ಹೆಂಗ್ಸು."

ಕೇಂದ್ರಕ್ಕೆ ಬಂದವಳೇ ಚೌಡಮ್ಮನ ದಾಖಲೆ ತೆಗೆದಳು. ಶನಿವಾರ ಬೆಳಿಗ್ಗೆ ಏಳಕ್ಕೆ ಪ್ರಾಣ ಹೋಗಿತ್ತು. ಸುದ್ದಿ ಬಂದು ಆರಿಸುವ ತನಕ, ಹತ್ತೂ ಕಾಲಿನವರೆಗೆ, ಚುಕ್ಕೆ ಹಸಿರಾಗಿತ್ತು. ಕಾಳಿಗೆ ಉಸಿರಿನ ಲೆಕ್ಕವಿಲ್ಲ, ಅದು ಕೇಳುವುದು ದನಿಯನ್ನು. ಹೆಣಕ್ಕೆ ದನಿ ಇರಲಿಲ್ಲ. ಹಾಗಾಗಿ ಮೂರು ತಾಸಿಗೂ ಹೆಚ್ಚು ಕಾಲ ಚೌಡಮ್ಮ ಕೇಂದ್ರದ ಅತ್ಯುತ್ತಮ ರೋಗಿಗಳಲ್ಲಿ ಒಬ್ಬಳಾಗಿದ್ದಳು.

ಪ್ಯಾರಿಜಾನ್ ಊರಿನ ನಕ್ಷೆಯ ಮೇಲೆ ಚುಕ್ಕೆಗಳನ್ನು ಹರಡಿದಳು. ಎರಡು ವಾರದಲ್ಲಿ ಹೊಸದಾಗಿ ಹಸಿರಾದವರೆಲ್ಲ ಭಟ್ಟಿ ಓಣಿಯವರು. ಇಪ್ಪತ್ತಾರಕ್ಕೆ ಇಪ್ಪತ್ತಾರು. ಊರಿನ ಉಳಿದ ಇನ್ನೂರ ಎಂಬತ್ತನಾಲ್ಕು ಜನ ಹೇಗಿದ್ದರೋ ಹಾಗೇ ಇದ್ದರು.

"ಜಿನ್ ಬಿಡಿಸೋನು ಬಂದು ಹೋಗಿರ್ಬೇಕು ನಿಮ್ಮ ಏರಿಯಾಕ್ಕೆ," ಎಂದ ತಿಪ್ಪೇಶ.

ಅವಳು ನಗಲಿಲ್ಲ. ಬೀರುವಿನಿಂದ ಔಷಧಿಯ ಹಳೆಯ ಕೈಪಿಡಿ ತೆಗೆದಳು. ಕಾಳು ಬರುವುದಕ್ಕೆ ಮುಂಚಿನದು, ಮಾತ್ರೆ ಕಾಲದ್ದು. ನೂರ ಹನ್ನೆರಡನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಅದು ಇತ್ತು. ಕ್ಲೋಜಪಿನ್ ಅನ್ನು ಯಕೃತ್ತಿನ ಒಂದು ಕಿಣ್ವ ಕರಗಿಸುತ್ತದೆ. ಹೊಗೆ ಆ ಕಿಣ್ವವನ್ನು ಕೆರಳಿಸುತ್ತದೆ. ಸೇದುವವನಿಗೆ ಹೆಚ್ಚು ಔಷಧಿ ಬೇಕು. ಅವನು ಒಮ್ಮೆಗೇ ಬಿಟ್ಟರೆ ಒಂದು ವಾರದೊಳಗೆ ರಕ್ತದಲ್ಲಿ ಔಷಧಿ ಎರಡು ಪಟ್ಟಾಗಬಹುದು. ಇದು ತಂಬಾಕಿನ ನಿಕೋಟಿನ್ ಮಾಡುವ ಕೆಲಸವಲ್ಲ. ಉರಿದ ವಸ್ತುವಿನ ಹೊಗೆ ಮಾಡುವ ಕೆಲಸ.

ಉರಿದ ವಸ್ತು. ಹೊಟ್ಟು, ಟೈರು.

ಗೋಡೆಯ ಗಡಿಯಾರದಲ್ಲಿ ಹತ್ತೂವರೆ. ಅವಳಿಗೆ ಎಲ್ಲವೂ ಒಂದೇ ಸಲಕ್ಕೆ ತಿಳಿಯಿತು. ಓಣಿಯ ಇಪ್ಪತ್ತಾರು ಜನ ಹುಟ್ಟಿದಂದಿನಿಂದ ಹೊಗೆ ಸೇದುತ್ತಿದ್ದರು. ಚೀಲ ಆ ಹೊಗೆಗೆ ತಕ್ಕಂತೆ ಹನಿ ಏರಿಸಿತ್ತು. ಹೊಗೆ ನಿಂತಿತು, ಹನಿ ಇಳಿಯಲಿಲ್ಲ. ಹದಿನಾಲ್ಕನೆಯ ಪ್ರಶ್ನೆಗೆ ಇಲ್ಲ ಎಂದು ಗುರುತು ಹಾಕಿದ ಕೈ ಅವಳದು.

ಹನಿ ಇಳಿಸಲು ಸಾವಳಗಿಯ ಆಜ್ಞೆ ಬೇಕು. ಫೋನು ಎತ್ತಿ ಅವರ ನಂಬರು ಒತ್ತಿದಳು. ಗಂಟೆ ಬಡಿಯುವ ಮೊದಲೇ ಇಟ್ಟಳು. ಮನೆಗೆ ಹೋಗಿ ಒಮ್ಮೆ ಬುಡೇನನನ್ನು ನೋಡಿ ಬಂದು ಮಾಡಿದರಾಯಿತು ಎಂದುಕೊಂಡಳು.

ಅಂದು ಬುಡೇನ್ ಎಚ್ಚರವಿದ್ದ. ಗೋಡೆಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದ. ಕಣ್ಣು ಜಡವಾಗಿತ್ತು, ಆದರೆ ಅವಳ ಮುಖದ ಮೇಲೇ ನಿಂತಿತು. ಅದು ಪಕ್ಕಕ್ಕೆ ಸರಿಯಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಅವನು ಯಾರದೋ ಮಾತಿಗೆ ತಲೆ ತಿರುಗಿಸದೆ ಅವಳನ್ನು ನೋಡಿದ್ದು ಅದೇ ಮೊದಲು.

"ಪ್ಯಾರಿ, ಮನೆ ಖಾಲಿ ಮಾಡ್ಕಂಡು ಹೋದಂಗೈತೆ," ಎಂದ. "ಸಾಮಾನು ಎತ್ತಿದ್ ಮೇಲೆ ಗೋಡೆ ಗುಂಯ್ ಅಂತಾವಲ್ಲ, ಹಂಗೆ."

"ಚೆನ್ನಾಗೈತಾ?"

"ಎಲ್ಲಿ ಹೋದ್ರು ಅವ್ರು?"

"ಇರಲೇ ಇಲ್ಲ ಅವ್ರು. ನಿನ್ ತಲೆ ಮಾಡ್ಕಂಡಿದ್ದು."

"ಹತ್ತೊಂಬತ್ತು ವರ್ಷ ಇದ್ರು." ಅವನು ಗಂಜಿಯ ಬಟ್ಟಲನ್ನು ನೋಡಿದ. "ಸತ್ರಾ?"

ಅವಳು ಅವನ ಕೈಯಿಂದ ಬಟ್ಟಲು ತೆಗೆದಿಟ್ಟಳು. ಅವನೇ ಮುಂದುವರಿಸಿದ. ನಿಧಾನಕ್ಕೆ, ನಾಲಗೆ ತೊಡರುತ್ತ, ಆದರೆ ಮಾತು ತುಂಡಾಗದೆ. ಅವಳು ಏಳನೆಯ ತರಗತಿಯಲ್ಲಿದ್ದಾಗ ಭಟ್ಟಿ ಗೋಡೆ ಹತ್ತಿ ಬಿದ್ದು ಹಲ್ಲು ಮುರಿದುಕೊಂಡದ್ದು, ಆಗಿನ್ನೂ ಇದ್ದ ಅಪ್ಪನಿಗೆ ತಿಳಿಯಬಾರದೆಂದು ಅವನು ಅವಳ ಬಾಯಿಗೆ ಅರಿಶಿನ ತುಂಬಿದ್ದು.

"ಹಳದಿ ಹಲ್ಲು ಕಿರ್ಕಂಡು ಊಟಕ್ಕೆ ಕುಂತಿದ್ದೆ ನೀನು, ದೆವ್ವದಂಗೆ," ಎಂದು ನಕ್ಕ.

"ನೀನೇ ತುಂಬಿದ್ದಲ್ಲ ಕೋತಿ."

"ಮತ್ತೇನ್ ಮಾಡ್ಲಿ, ನಿನ್ನ ಹಲ್ಲು ನೋಡೋಕಾಗ್ತಿರಲಿಲ್ಲ."

ಅರ್ಧ ತಾಸು ಮಾತನಾಡಿದರು. ಒಂದೇ ಒಂದು ಸಲವೂ ಅವನು ನಡುವೆ ನಿಲ್ಲಿಸಿ, ತಡಿ, ಇವರೇನೋ ಹೇಳ್ತಾರೆ ಎನ್ನಲಿಲ್ಲ. ಹನಿ ಇಳಿಸಿದರೆ ಮೂವರೂ ವಾಪಸ್ಸು ಬರುತ್ತಾರೆ. ಅದು ಅವಳಿಗೆ ಗೊತ್ತಿತ್ತು. ಹುಸೇನಬಿ ಅಡುಗೆಮನೆಯ ಬಾಗಿಲಿಗೆ ಒರಗಿ ಮಗನ ಮಾತು ಕೇಳುತ್ತ ಸೌಟು ಹಿಡಿದುಕೊಂಡೇ ನಿಂತಿದ್ದಳು. ಒಲೆಯ ಮೇಲಿನದು ಹೊತ್ತುತ್ತಿತ್ತು.

"ಹೊಟ್ಟೆ ಹೆಂಗೈತಣ್ಣ?"

"ಬಿಗೀತೈತೆ. ಹೋಗ್ತೈತೆ ಬಿಡು."

"ಎಷ್ಟು ದಿನ ಆಯ್ತು?"

ಅವನು ತಾಯಿಯ ಕಡೆ ನೋಡಿದ. ಹುಸೇನಬಿ ಸೌಟಿನಿಂದ ಆರು ಎಂದು ಸನ್ನೆ ಮಾಡಿದಳು.

ಪ್ಯಾರಿಜಾನ್ ಅಂಗಡಿಯಿಂದ ಹರಳೆಣ್ಣೆ ತಂದು ಕುಡಿಸಿದಳು. ಗಿರಣಿಗೆ ಹಿಂದಿರುಗಿ ಪಾಳಿ ಮುಗಿಸಿದಳು. ಫೋನು ಅವಳ ಮೇಜಿನ ಮೇಲೇ ಇತ್ತು. ಸಾವಳಗಿ ಶನಿವಾರ ಬರುತ್ತಾರೆ, ಹರಳೆಣ್ಣೆ ಕೆಲಸ ಮಾಡುತ್ತದೆ, ಒಂದು ದಿನದಲ್ಲಿ ಏನಾಗುತ್ತದೆ, ಎಲ್ಲ ಡಾಕ್ಟರ ಮುಂದೆ ಕೂತು ಹೇಳಿದರಾಯಿತು: ಹೀಗೆ ಒಂದರ ಹಿಂದೊಂದು ಹೇಳಿಕೊಂಡಳು. ಯಾವುದನ್ನೂ ಅವಳು ನಂಬಿರಲಿಲ್ಲ. ಅಣ್ಣ ಇನ್ನೊಂದು ಸಲ ಹಾಗೆ ಮಾತನಾಡಲಿ ಎಂಬುದಷ್ಟೇ ಅವಳಿಗೆ ಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಅವಳು ಹೊರಡುವಾಗ ಬುಡೇನ್ ಮಲಗಿದ್ದ. ಎಬ್ಬಿಸಲಿಲ್ಲ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಹುಸೇನಬಿಯ ಫೋನು ಬಂತು. "ಪ್ಯಾರಿ, ಇವ್ನು ಏಳ್ತಾ ಇಲ್ಲ," ಎಂದಳು. ದನಿ ಸಾಧಾರಣವಾಗಿತ್ತು. "ಬಾಯಾಗೆ ಏನೋ ಕರ್ರಗೆ ಬಂದೈತೆ. ಕೈ ತಣ್ಣಗೈತೆ ಕಣವ್ವ."

ಪ್ಯಾರಿಜಾನ್ ಪರದೆ ನೋಡಿದಳು. ಬುಡೇನನ ಚುಕ್ಕೆ ಹಸಿರಾಗಿತ್ತು.

ಅವಳು ಮನೆಗೆ ಓಡಲಿಲ್ಲ. ಮೊದಲು ಸಾವಳಗಿಗೆ ಫೋನು ಮಾಡಿದಳು. ಅವರು ಸಮ್ಮೇಳನದಲ್ಲಿ ಮಾತನಾಡುತ್ತಿದ್ದರು. ತಿಪ್ಪೇಶ ಸಮ್ಮೇಳನದ ಕಚೇರಿಗೆ ಫೋನು ಮಾಡಿ ಬೈದು ಅವರನ್ನು ವೇದಿಕೆಯಿಂದ ಇಳಿಸಿದ.

"ಭಟ್ಟಿ ಓಣಿಯ ಎಲ್ಲರ ಹನಿ ಅರ್ಧಕ್ಕೆ ಇಳಿಸಬೇಕು," ಎಂದಳು. "ಎಲ್ಲರನ್ನೂ ಆಸ್ಪತ್ರೆಗೆ ಹಾಕಬೇಕು. ಹೊಗೆ ನಿಂತಿದೆ, ಸರ್. ಭಟ್ಟಿ ಹೊಗೆ."

ಸಾವಳಗಿ ದಡ್ಡರಾಗಿರಲಿಲ್ಲ.

"ಅರ್ಜ್ಯಾಗ ಸೇದಂಗಿಲ್ಲ ಅಂತ ಐತಲ್ರೀ. ತುಂಬಿದವರು ಯಾರು?"

"ನಾನು."

"ಇಳಿಸ್ರಿ. ಈಗ ಇಳಿಸ್ರಿ," ಎಂದರು. "ನನ್ನ ಹೆಸರು ಹಾಕ್ರಿ."

ಹನ್ನೊಂದೂ ಕಾಲಿಗೆ ಉಳಿದವರೆಲ್ಲರ ಹನಿ ಅರ್ಧಕ್ಕೆ ಇಳಿಯಿತು. ಹನ್ನೆರಡರ ಹೊತ್ತಿಗೆ ಆಂಬುಲೆನ್ಸುಗಳು ಓಣಿಗೆ ಬಂದವು. ಆಮೇಲೆ ಅವಳು ಮನೆಗೆ ಹೋದಳು. ಯಾರೋ ಬುಡೇನನ ದವಡೆಗೆ ಬಟ್ಟೆ ಕಟ್ಟಿದ್ದರು. ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಹುಸೇನಬಿ ಅವನ ಮೇಲೆ ಆ ಬಿಳಿ ದುಪ್ಪಟಿ ಹೊದಿಸಿದ್ದಳು. ಪ್ಯಾರಿಜಾನ್ ಅವನ ಪಕ್ಕ ಕೂತು ಕಿವಿಯ ಹಿಂದೆ ಬೆರಳಿಟ್ಟಳು. ಚರ್ಮದಡಿ ಕಾಳು ಸಿಕ್ಕಿತು. ಇನ್ನೂ ಬೆಚ್ಚಗಿತ್ತು. ಅದು ಕೇಳಿಸಿಕೊಳ್ಳುತ್ತಿತ್ತು.

ಒಂದೂ ಮುಕ್ಕಾಲಿನವರೆಗೆ ಅವನ ಚುಕ್ಕೆ ಹಸಿರಾಗಿತ್ತು ಎಂದು ತಿಪ್ಪೇಶ ಆಮೇಲೆ ಹೇಳಿದ. ಆರಿಸಲು ಅವನಿಗೆ ಮನಸ್ಸು ಬರಲಿಲ್ಲವಂತೆ.

ಕಡೇ ಓಣಿಯ ರಾಜಪ್ಪ ಅದೇ ಮಧ್ಯಾಹ್ನ ಆಸ್ಪತ್ರೆಯ ದಾರಿಯಲ್ಲಿ ಸತ್ತ. ಉಳಿದವರು ಬದುಕಿದರು. ತಿಂಗಳೊಳಗೆ ಅವರಲ್ಲಿ ಹೆಚ್ಚಿನವರ ಚುಕ್ಕೆ ಮತ್ತೆ ಕೆಂಪಾಗಿ ಮಿನುಗತೊಡಗಿತು. ಅವರ ಮನೆಗಳಲ್ಲಿ ಮತ್ತೆ ಜಗಳ, ಬಾಗಿಲು ಬಡಿತ, ಗೋಡೆಯ ಜೊತೆ ಮಾತು. ಮಗ ಇನ್ನೂ ಆ ಜಡನಿದ್ದೆಯಿಂದ ಏಳದ ಒಬ್ಬ ಮುದುಕಿ ಮಾತ್ರ ಕೇಂದ್ರಕ್ಕೆ ಬಂದು, ಭಟ್ಟಿಗೆ ಮತ್ತೆ ಟೈರು ಹಾಕಿಸಿರಿ, ನನ್ನ ಮಗ ಮೊದಲಿನ ಹಾಗೆ ಇದ್ದರೆ ಸಾಕು ಎಂದು ಕೂತಳು.

ವಿಚಾರಣೆ ಜೂನಿನಲ್ಲಿ ನಡೆಯಿತು. ಇಳಿಸುವ ನಿಯಮ ಯಾಕಿರಲಿಲ್ಲ ಎಂದು ಸಾವಳಗಿಯನ್ನು ಕೇಳಿದರು. ರಕ್ತ ಪರೀಕ್ಷೆ ನಿಲ್ಲಿಸಿದ್ದು ಯಾರು ಎಂದು ಕೇಳಿದರು. ತಪ್ಪು ಹದಿನಾಲ್ಕನೆಯ ಪ್ರಶ್ನೆಯನ್ನು ಬರೆದವರದು, ತುಂಬಿದವರದಲ್ಲ ಎಂದು ಒಬ್ಬ ಸದಸ್ಯರು ಅವಳ ಪರವಾಗಿ ಹೇಳಿದರು. ಕೊನೆಗೆ, ಈ ಹೊಗೆಯ ವಿಷಯ ನಿಮಗೆ ಗೊತ್ತಾದದ್ದು ಯಾವಾಗ ಎಂದು ಪ್ಯಾರಿಜಾನಳನ್ನು ಕೇಳಿದರು. ಶುಕ್ರವಾರ ಎಂದರೆ ಮುಗಿಯುತ್ತಿತ್ತು. ಕೈಪಿಡಿ ತೆರೆದದ್ದು ಎಲ್ಲೂ ದಾಖಲಾಗಿರಲಿಲ್ಲ. ತಿಪ್ಪೇಶ ನೆಲ ನೋಡುತ್ತಿದ್ದ.

"ಗುರುವಾರ ಬೆಳಿಗ್ಗೆ ಹತ್ತೂವರೆಗೆ," ಎಂದಳು.

ಗುಮಾಸ್ತ ಬರೆದುಕೊಂಡ. ಇಪ್ಪತ್ತಾರು ಜನರಲ್ಲಿ ಐವರು ಸತ್ತರು. ಮೂವರು ಅವಳಿಗೆ ಗೊತ್ತಾಗುವ ಮೊದಲು, ಇಬ್ಬರು ಗೊತ್ತಾದ ಮೇಲೆ.